ಕಟರೀನಾ ಎಂಬ ಹೆಸರು ಎಲ್ಲಿಂದ ಬಂತು? – ‘ಡಾರ್ಕ್’ ಕೊನೆಯ ಸೀಸನ್ನಿನ ಬಗ್ಗೆ

‘ಡಾರ್ಕ್’ ಎಂಬ ಜರ್ಮನ್ ಧಾರಾವಾಹಿಯ ಮೂರನೆಯ ಮತ್ತು ಕೊನೆಯ ಸೀಸನ್ ನೆಟ್‌ಫ್ಲಿಕ್ಸ್‌ನಲ್ಲಿ ಬಿಡುಗಡೆಯಾದದ್ದು 2020ರ ಜೂನ್ 27ರಂದು. ಕಥೆಯೊಳಗೆ ವಿಂಡನ್ ಎಂಬ ಊರಿಗೆ ಪ್ರಳಯ ಬಂದೆರಗುವ ದಿನವೂ ಅದೇ. ಎರಡನೆಯ ಸೀಸನ್ 2019ರ ಜೂನ್ 21ರಂದು ಬಂದಿತ್ತು. ಕಥಾನಾಯಕ ಯೋನಾಸನ ತಂದೆ ನೇಣು ಹಾಕಿಕೊಳ್ಳುವುದು ಆ ದಿನ. ಹೀಗೆ ನೋಡುಗನ ಪಂಚಾಂಗವನ್ನೂ ಕಥೆಯ ಪಂಚಾಂಗವನ್ನೂ ಒಂದೇ ಗೋಡೆಗೆ ತೂಗುಹಾಕಿದ ಬರಾನ್ ಬೊ ಓಡಾರ್ ಮತ್ತು ಯಾಂಟಿಯೆ ಫ್ರೀಸೆ ಎಂಬ, ಧಾರಾವಾಹಿಯನ್ನು ಕಟ್ಟಿದ ಈ ಜೋಡಿ, ಮೂರು ಸೀಸನ್ನುಗಳ 26 ಕಂತುಗಳಲ್ಲಿ ಯಾವ ದಿನಾಂಕವನ್ನೂ ಕೈತಪ್ಪಿ ಬರೆದಿರಲಾರರು ಎಂಬ ನಂಬಿಕೆ ನನ್ನದು. ಮುಂದೆ ನಾನು ಹೇಳಲಿರುವುದೆಲ್ಲ ಈ ನಂಬಿಕೆಯ ಮೇಲೆಯೇ ನಿಂತಿದೆ. ಧಾರಾವಾಹಿಯನ್ನು ಇನ್ನೂ ನೋಡದವರು ಇಲ್ಲಿಗೇ ನಿಲ್ಲಿಸುವುದು ಒಳ್ಳೆಯದು, ಏಕೆಂದರೆ ಇನ್ನು ನಾನು ಏನನ್ನೂ ಮುಚ್ಚಿಡುವುದಿಲ್ಲ.

ಆ ಜೂನ್ ತಿಂಗಳಲ್ಲಿ ಕಾಸರಗೋಡಿನ ಬದಿಯಡ್ಕದ ಸಮೀಪದ ನಮ್ಮ ಮನೆಯಲ್ಲಿ ಮೂವರಿದ್ದೆವು: ಅಮ್ಮ, ನಾನು, ಅಕ್ಕನ ಮಗ. ಬೆಂಗಳೂರಿನ ಕೆಲಸವನ್ನು ಜಗಲಿಯಲ್ಲಿ ಕುಳಿತು ಮಾಡುತ್ತಿದ್ದ ಅಳಿಯ, ಮಾರ್ಚ್ ತಿಂಗಳಲ್ಲಿ ಕೊರೊನಾ ತಡೆಯಲೆಂದು ಕರ್ನಾಟಕ ಕೇರಳ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚುವ ಮೊದಲೇ ತಲಪಾಡಿ ಗಡಿ ದಾಟಿ ಬಂದುಬಿಟ್ಟಿದ್ದ. ಹೊರಗೆ ಕಾರ್ತೆಲ್ ತಿಂಗಳ ಮಳೆ ಬಿಡದೆ ಸುರಿಯುತ್ತಿತ್ತು. ಪರದೆಯೊಳಗೆ ವಿಂಡನ್ನಿನ ಮಳೆಯೂ ಹಾಗೆಯೇ ಸುರಿಯುತ್ತಿತ್ತು. ಮಾತು ಜರ್ಮನ್, ಕೆಳಗಿನ ಅಕ್ಷರ ಇಂಗ್ಲಿಷ್, ಅದನ್ನು ಅಮ್ಮನಿಗಾಗಿ ತುಳುವಿಗೆ ದಾಟಿಸುವ ಕೆಲಸ ನನ್ನದು. ಕಾಲಯಂತ್ರ, ಗುಹೆ, ಅಣುಸ್ಥಾವರ ಇವು ಯಾವುವೂ ಅಮ್ಮನನ್ನು ಕಾಡಲಿಲ್ಲ. ಹೊಸ ಮುಖವೊಂದು ಪರದೆಯ ಮೇಲೆ ಬಂದಾಗಲೆಲ್ಲ ಅವರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: “ಇವ ಯಾರ ಮಗ?”

ಆಗ ನಾನೂ ಅಳಿಯನೂ ಅದಕ್ಕೆ ನಕ್ಕುಬಿಡುತ್ತಿದ್ದೆವು. ಈ ಮಳೆಗಾಲದಲ್ಲಿ ಕೊನೆಯ ಸೀಸನ್ನನ್ನು ಮೂರನೆಯ ಬಾರಿ ನೋಡಿ ಮುಗಿಸಿದ ಮೇಲೆ, ಆ ಎಂಟು ಕಂತುಗಳು ಕೇಳುತ್ತಿರುವುದೂ ಅದೊಂದೇ ಪ್ರಶ್ನೆಯನ್ನು ಎಂದು ನನಗೆ ಮನವರಿಕೆಯಾಗಿದೆ.

ಹಿಂದಿನ ಎರಡು ಸೀಸನ್ನುಗಳ ಕಥೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ವಿಂಡನ್ನಿನ ಅಣುಸ್ಥಾವರದ ಬಳಿಯ ಗುಹೆಯಲ್ಲಿ 33 ವರ್ಷಗಳ ಅಂತರದ ಕಾಲಗಳನ್ನು ಜೋಡಿಸುವ ದಾರಿಯೊಂದಿದೆ. 2019ರ ನವೆಂಬರ್ 4ರಂದು 11 ವರ್ಷದ ಮಿಕೆಲ್ ನೀಲ್ಸನ್ ಆ ದಾರಿಯಲ್ಲಿ 1986ಕ್ಕೆ ಹೋಗಿ ಅಲ್ಲಿಯೇ ಉಳಿಯುತ್ತಾನೆ, ಮಿಖಾಯೆಲ್ ಕಾನ್ವಾಲ್ಡ್ ಎಂಬ ಹೆಸರಿನಲ್ಲಿ ಬೆಳೆಯುತ್ತಾನೆ, ಹನ್ನಾ ಎಂಬವಳನ್ನು ಮದುವೆಯಾಗಿ ಯೋನಾಸನ ತಂದೆಯಾಗುತ್ತಾನೆ. ಯೋನಾಸ್ ಪ್ರೀತಿಸುವ ಮಾರ್ಥಾ, ಮಿಕೆಲ್‌ನ ಅಕ್ಕ. ಯೋನಾಸ್ ಮುಂದೆ ಮುಖವೆಲ್ಲ ಸುಟ್ಟಂತಾದ ಆಡಮ್ ಎಂಬ ಮುದುಕನಾಗುತ್ತಾನೆ, ಮತ್ತು ಎರಡನೆಯ ಸೀಸನ್ನಿನ ಕೊನೆಯಲ್ಲಿ ಆ ಆಡಮ್ ತನ್ನದೇ ತಾರುಣ್ಯದ ಕಣ್ಣೆದುರು ಮಾರ್ಥಾಳನ್ನು ಗುಂಡಿಟ್ಟು ಕೊಲ್ಲುತ್ತಾನೆ. ಅದರ ಬೆನ್ನಿಗೇ ಇನ್ನೊಬ್ಬಳು ಮಾರ್ಥಾ ಪ್ರತ್ಯಕ್ಷಳಾಗಿ, ನೀನು ಕೇಳಬೇಕಾದದ್ದು ಯಾವ ಕಾಲವೆಂದಲ್ಲ, ಯಾವ ಲೋಕವೆಂದು ಎಂಬ ಅರ್ಥದ ಮಾತನ್ನಾಡಿ ಅವನನ್ನು ಕರೆದೊಯ್ಯುತ್ತಾಳೆ.

ಮೂರನೆಯ ಸೀಸನ್ ಈ ಎರಡನೆಯ ಲೋಕದಲ್ಲಿ ತೆರೆದುಕೊಳ್ಳುತ್ತದೆ. ಅಲ್ಲಿ ಮಿಕೆಲ್ 1986ಕ್ಕೆ ಹೋಗಲೇ ಇಲ್ಲ, ಆದ್ದರಿಂದ ಯೋನಾಸ್ ಹುಟ್ಟಲೇ ಇಲ್ಲ. ಉಳಿದವರೆಲ್ಲ ಇದ್ದಾರೆ, ಆದರೆ ಕನ್ನಡಿಯೊಳಗಿನ ಬಿಂಬದಂತೆ ಎಡಬಲ ಬದಲಾಗಿ ಇದ್ದಾರೆ. ನಮ್ಮ ಪರಿಚಯದ ಲೋಕದಲ್ಲಿ ಕಿವಿ ಕೇಳಿಸದವಳು ತಂಗಿ ಎಲಿಜಬೆತ್, ಇಲ್ಲಿ ಅಕ್ಕ ಫ್ರಾನ್ಸಿಸ್ಕಾ. ಅಲ್ಲಿ ಪೊಲೀಸ್ ವೋಲ್ಲರ್‌ಗೆ ಒಂದು ಕಣ್ಣಿಲ್ಲ, ಇಲ್ಲಿ ಒಂದು ಕೈಯಿಲ್ಲ. ಅಲ್ಲಿ ಮಾರ್ಥಾ, ಮಿಕೆಲ್‌ರ ತಾಯಿ ಕಟರೀನಾಳ ಗಂಡನಾಗಿದ್ದು ಹನ್ನಾಳ ಜೊತೆ ಕದ್ದು ಓಡಾಡುತ್ತಿದ್ದ ಉಲ್ರಿಖ್, ಇಲ್ಲಿ ಹನ್ನಾಳನ್ನೇ ಕಟ್ಟಿಕೊಂಡು ಆ ಅಕ್ಕತಂಗಿಯರ ತಾಯಿ ಶಾರ್ಲೊಟ್ಟೆಯ ಜೊತೆ ಕದ್ದು ಓಡಾಡುತ್ತಿದ್ದಾನೆ. ಲೋಕ ಬದಲಾದರೂ ಈ ಮನುಷ್ಯನ ಬುದ್ಧಿ ಬದಲಾಗಲಿಲ್ಲವಲ್ಲ ಎಂದು ಅಳಿಯ ನಕ್ಕ. ಆದರೆ ಕಥೆ ಹೇಳುವವರು ನಮಗೆ ತೋರಿಸಬಯಸಿದ್ದೂ ಬಹುಶಃ ಅದನ್ನೇ: ಸಂಬಂಧಗಳ ಸ್ಥಾನಪಲ್ಲಟವಾಗುತ್ತದೆ, ಎರಡೂ ಲೋಕಗಳ ಜನರನ್ನು ಕಾಲದ ಸುತ್ತುಗಳಲ್ಲಿ ಒಬ್ಬರಿಗೊಬ್ಬರನ್ನು ಬಿಗಿದಿರುವ ಗಂಟು ಹಾಗೆಯೇ ಇರುತ್ತದೆ. ಈ ಲೋಕದ ಮಾರ್ಥಾ ಮುದುಕಿಯಾದಾಗ ಅವಳ ಹೆಸರು ಏವಾ. ಗಂಟನ್ನು ಕತ್ತರಿಸಿ ಎಲ್ಲವನ್ನೂ ಇಲ್ಲವಾಗಿಸಬೇಕೆಂಬುದು ಆಡಮನ ಹಟವಾದರೆ, ಗಂಟನ್ನು ಹೇಗಾದರೂ ಉಳಿಸಿಕೊಳ್ಳಬೇಕೆಂಬುದು ಏವಾಳ ಹಟ. ಯೋನಾಸ್ ಮತ್ತು ಈ ಲೋಕದ ಮಾರ್ಥಾ ಸೇರಿ ಹುಟ್ಟಿದ, ಸೀಳುತುಟಿಯ ಗುರುತುಳ್ಳ, ಹೆಸರೇ ಇಲ್ಲದ ಮಗ ಬಾಲಕ, ನಡುವಯಸ್ಕ, ಮುದುಕ ಎಂಬ ಮೂರು ಪ್ರಾಯಗಳಲ್ಲಿ ಒಟ್ಟಿಗೇ ನಡೆದಾಡುತ್ತಾ ಅಮ್ಮ ಏವಾಳ ಕೆಲಸಗಳನ್ನು ಮಾಡಿಕೊಡುತ್ತಾನೆ.

ಅಮ್ಮನಿಗೆ ಇದನ್ನು ವಿವರಿಸುವಾಗಲೇ ನನಗೆ ನಮ್ಮ ಭಾಷೆಗಳ ಬಂಧುವಾಚಕಗಳು ಎಷ್ಟು ಹರಿತವಾದವು ಎಂದು ಗೊತ್ತಾದದ್ದು. ಇಂಗ್ಲಿಷ್ ಅಡಿಬರಹದಲ್ಲಿ ಮಾರ್ಥಾ ಯೋನಾಸನ ‘ಆಂಟ್’ ಎಂದು ಓದಿದಾಗ ಏನೋ ಒಂದು ತೊಡಕು ಎಂದಷ್ಟೇ ತೋರುತ್ತದೆ. ತಂದೆಯ ಅಕ್ಕ, ಅಂದರೆ ಸೋದರತ್ತೆ, ಎಂದು ಹೇಳಿದ ಕೂಡಲೇ ಅಮ್ಮ ಕಾಲು ಚಾಚಿ ಕುಳಿತಿದ್ದವರು ನೆಟ್ಟಗಾದರು. ಉಲ್ರಿಖ್ ಹನ್ನಾಳ ಗೆಳೆಯ ಮಾತ್ರವಲ್ಲ, ಅವಳ ಗಂಡನ ತಂದೆ, ಎಂದರೆ ಮಾವ. ಶಾಲೆಯಲ್ಲಿ ಜೊತೆಗೆ ಓದಿದ ಕಟರೀನಾ ಅವಳಿಗೆ ಅತ್ತೆ. ಇಷ್ಟು ಹೇಳುವಷ್ಟರಲ್ಲಿ ಅಮ್ಮನೇ ಒಂದು ಹಳೆಯ ಮದುವೆ ಕಾಗದವನ್ನು ಮಗುಚಿ, ಅದರ ಖಾಲಿ ಮಗ್ಗುಲಿನಲ್ಲಿ ಗೆರೆ ಎಳೆಯಲು ಶುರುಮಾಡಿದ್ದರು.

ಅವರು ಎಳೆದದ್ದು ಅಳಿಯಕಟ್ಟಿನ, ಅಂದರೆ ತಾಯಿಯ ಕಡೆಯಿಂದ ವಂಶ ಎಣಿಸುವ ಪದ್ಧತಿಯ, ಗೆರೆಗಳನ್ನು. ನಮ್ಮದು ಆ ಕಟ್ಟಿನ ಮನೆ. 1976ರ ಡಿಸೆಂಬರ್ 1ರಿಂದ ಜಾರಿಗೆ ಬಂದ ಕೇರಳದ ಕಾನೂನು ಅವಿಭಕ್ತ ಕುಟುಂಬದ ಪದ್ಧತಿಯನ್ನು ರದ್ದುಮಾಡಿತಾದರೂ, ಮದುವೆಯ ಮಾತುಕತೆಯಲ್ಲಿ ತುಳುವಿನವರು ‘ಬರಿ’ ಎನ್ನುವ, ಕನ್ನಡದಲ್ಲಿ ‘ಬಳಿ’ ಎನ್ನುವ ತಾಯಿಯ ಕಡೆಯ ಲೆಕ್ಕ ಇನ್ನೂ ಬರುತ್ತದೆ. ತಾಯಿಯ ಬರಿಯೇ ಮಕ್ಕಳ ಬರಿ. ಒಂದೇ ಬರಿಯವರು ಮದುವೆಯಾಗುವಂತಿಲ್ಲ. ಅಮ್ಮನ ಕಾಗದದಲ್ಲಿ ಯೋನಾಸ್ ಹನ್ನಾಳ ಬರಿ, ಮಾರ್ಥಾ ಕಟರೀನಾಳ ಬರಿ. “ಬರಿ ಬೇರೆಯೇ. ಹಾಗಂತ ಸೋದರತ್ತೆಯನ್ನು ಮದುವೆಯಾಗುತ್ತಾರಾ?” ಎಂದು ಹೇಳಿ ಅವರು ಆ ಪ್ರಕರಣವನ್ನು ಮುಗಿಸಿದರು.

ಮುಗಿಯದೆ ಉಳಿದದ್ದು ಶಾರ್ಲೊಟ್ಟೆಯ ಗೆರೆ. ಶಾರ್ಲೊಟ್ಟೆಯ ಮಗಳು ಎಲಿಜಬೆತ್. ಪ್ರಳಯದ ನಂತರದ ಕಾಲದಲ್ಲಿ ಎಲಿಜಬೆತ್ ನೋವಾ ಎಂಬವನನ್ನು ಕೂಡಿ ಹೆರುವ ಮಗುವೇ ಶಾರ್ಲೊಟ್ಟೆ. ಆ ಹಸುಗೂಸನ್ನು ಕದ್ದು ಹಿಂದಿನ ಕಾಲಕ್ಕೆ ಒಯ್ಯುವವರು ಆ ತಾಯಿಮಗಳೇ. ತಂದೆಯ ಕಡೆಯಿಂದ ಲೆಕ್ಕ ಹಿಡಿದರೆ ಹೇಗೋ ಒಂದು ಹೊಸ ಹೆಸರು ಒಳಗೆ ಬಂದು ಗೆರೆ ಮುಂದಕ್ಕೆ ಹೋಗುತ್ತದೆ. ತಾಯಿಯ ಕಡೆಯಿಂದ ಹಿಡಿದರೆ ಅದು ಪೂರ್ತಿ ಮುಚ್ಚಿಕೊಂಡ ಬಳೆ: ಮಗಳ ಮಗಳೇ ತಾಯಿ. ಮೂಲಸ್ತ್ರೀಯೇ ಇಲ್ಲದ, ತರವಾಡು ಮನೆಯೇ ಇಲ್ಲದ ಬರಿ. ಅಮ್ಮ ಆ ಗೆರೆಯ ಮೇಲೆ ಪೆನ್ನನ್ನು ಎರಡು ಸುತ್ತು ಆಡಿಸಿ, “ಇದಕ್ಕೆ ತಲೆ ಎಲ್ಲಿದೆ?” ಎಂದು ಕೇಳಿದರು. ಸೀಸನ್ನಿನ ನಿಜವಾದ ಒಗಟು ನನಗೆ ಮೊದಲು ಕಂಡದ್ದು ಆ ಮಾತಿನಲ್ಲಿ.

ಇನ್ನೊಂದು ಸುತ್ತು ಇದಕ್ಕಿಂತ ಉದ್ದವಾದದ್ದು. ಯೋನಾಸ್ ಮತ್ತು ಮಾರ್ಥಾಳ ಆ ಹೆಸರಿಲ್ಲದ ಮಗನಿಗೂ ಆಗ್ನೆಸ್ ಎಂಬವಳಿಗೂ ಹುಟ್ಟುವವನು ಟ್ರೋಂಟೆ, ಟ್ರೋಂಟೆಯ ಮಗ ಉಲ್ರಿಖ್, ಉಲ್ರಿಖ್‌ನ ಮಕ್ಕಳು ಮಾರ್ಥಾ ಮತ್ತು ಮಿಕೆಲ್, ಮಿಕೆಲ್‌ನ ಮಗ ಯೋನಾಸ್. ಆಗ್ನೆಸ್ ಮತ್ತು ನೋವಾರ ತಂದೆ ಮಾರ್ಥಾಳ ಸಹಪಾಠಿ ಬಾರ್ಟೋಷ್, ತಾಯಿ ಸಿಲ್ಯಾ. ಆ ಸಿಲ್ಯಾ, ಹನ್ನಾ 1954ಕ್ಕೆ ಹೋದಾಗ ಅಲ್ಲಿನ ಪೊಲೀಸ್ ಎಗೋನ್‌ನಿಂದ ಪಡೆದ ಮಗಳು. ಒಟ್ಟಿನಲ್ಲಿ ಒಂದು ಊರಿನ ನಾಲ್ಕು ಕುಟುಂಬಗಳು ತಮ್ಮ ತಮ್ಮ ಮೊಮ್ಮಕ್ಕಳಿಂದಲೇ ಹುಟ್ಟಿಕೊಂಡಿವೆ.

ಸೀಸನ್ನಿನ ನಡುಭಾಗದ ಬಗ್ಗೆ ನನಗೆ ದೂರಿದೆ. ಆಡಮನೂ ಏವಾಳೂ ಆದಿಯೇ ಅಂತ್ಯ, ಅಂತ್ಯವೇ ಆದಿ ಎಂಬ ಒಂದೇ ಮಾತನ್ನು ಕತ್ತಲ ಕೋಣೆಗಳಲ್ಲಿ ನಿಂತು ಎಷ್ಟು ಬಾರಿ ಹೇಳುತ್ತಾರೆಂದರೆ, ತಾಳಮದ್ದಳೆಯಲ್ಲಿ ಅರ್ಥಧಾರಿಯೊಬ್ಬ ಭಾಗವತರು ಮುಂದಿನ ಪದ್ಯ ಎತ್ತಿಕೊಂಡರೂ ಹಳೆಯ ಪದ್ಯಕ್ಕೇ ಅರ್ಥ ಹೇಳುತ್ತಾ ಕುಳಿತಂತೆ ಆಗುತ್ತದೆ. ಅದಕ್ಕೆ ತದ್ವಿರುದ್ಧವಾಗಿ ಏಳನೆಯ ಕಂತಿನಲ್ಲಿ ಹಲವು ದಶಕಗಳ ಕಥೆಯನ್ನು ಗಡಿಬಿಡಿಯಿಂದ ಸುತ್ತಿ ಮುಗಿಸಿದ್ದಾರೆ. ಕಟರೀನಾಳ ಸಾವು ಮಾತ್ರ ಬೇರೆಯದೇ ತೂಕದ್ದು. 1987ಕ್ಕೆ ಹೋಗಿ, ಹುಚ್ಚಾಸ್ಪತ್ರೆಯಲ್ಲಿರುವ ಗಂಡನನ್ನು ಬಿಡಿಸಿಕೊಳ್ಳಲು ಅಲ್ಲಿ ಕೆಲಸಕ್ಕಿರುವ ತನ್ನ ತಾಯಿ ಹೆಲೆನ್‌ಳ ಕೈಯಿಂದ ಕೀಲಿ ಕಸಿಯಲೆಂದು ಕೆರೆಯ ದಡದಲ್ಲಿ ಸೆಣಸುವ ಅವಳನ್ನು, ಆ ತಾಯಿ ಗುರುತಿಸದೆಯೇ ಕೊಂದುಹಾಕುತ್ತಾಳೆ. ಈ ದೃಶ್ಯವನ್ನೂ ಹೆಲೆನ್ ಎಂಬ ಹೆಸರನ್ನೂ ನೆನಪಿಟ್ಟುಕೊಂಡಿರಿ.

ಕೊನೆಗೆ ಗಂಟಿನ ತಲೆಯನ್ನು ಹುಡುಕಿ ಹಿಡಿಯುವವಳು ಕ್ಲೌಡಿಯಾ. ಇಡೀ ಧಾರಾವಾಹಿಯಲ್ಲಿ ನಾನು ಪೂರ್ಣವಾಗಿ ನಂಬುವ ಪಾತ್ರ ಅವಳೊಬ್ಬಳೇ, ಏಕೆಂದರೆ ಅವಳಿಗೆ ಲೋಕ ಉದ್ಧಾರದ ಗೊಡವೆಯಿಲ್ಲ. ಕ್ಯಾನ್ಸರಿನಿಂದ ಸಾಯುತ್ತಿರುವ ಮಗಳು ರೆಗಿನಾ ಬದುಕಿ ಉಳಿಯುವ ಲೋಕವೊಂದು ಎಲ್ಲಾದರೂ ಇದೆಯೇ ಎಂಬುದಷ್ಟೇ ಅವಳ ಹುಡುಕಾಟ. ಆಡಮನ ಮುಂದೆ ಬಂದು ಅವಳು ಹೇಳುವ ಮಾತು ಇದು: ಈ ಎರಡು ಲೋಕಗಳೂ ಮೂಲವಲ್ಲ, ಇವೆರಡನ್ನೂ ಹೆತ್ತ ಮೂರನೆಯದೊಂದು ಇದೆ. ಆ ಲೋಕದಲ್ಲಿ ಗಡಿಯಾರ ರಿಪೇರಿಯ ಟಾನ್‌ಹೌಸ್ 1971ರ ನವೆಂಬರ್‌ನಲ್ಲಿ ಮಗ ಮಾರೆಕ್, ಸೊಸೆ ಸೋನ್ಯಾ ಮತ್ತು ಅವರ ಹಸುಗೂಸನ್ನು ಕಾರು ಅಪಘಾತದಲ್ಲಿ ಕಳೆದುಕೊಂಡ. ಅವರನ್ನು ಮರಳಿ ತರಲು ಕಾಲಯಂತ್ರ ಕಟ್ಟಿ 1986ರಲ್ಲಿ ಚಾಲೂ ಮಾಡಿದ; ಸತ್ತವರು ಬರಲಿಲ್ಲ, ಲೋಕ ಸೀಳಿ ಎರಡಾಯಿತು. ಆಡಮನೂ ಏವಾಳೂ ಇಷ್ಟು ಕಾಲ ಹೊಡೆದಾಡಿದ್ದು ಆ ಎರಡು ಸೀಳುಗಳ ಒಳಗೆ.

ಯೋನಾಸ್ ಮತ್ತು ಮಾರ್ಥಾ ಆ ಮೂರನೆಯ ಲೋಕಕ್ಕೆ ಹೋಗಿ ಮಾಡುವ ಕೆಲಸ ಬಹಳ ಸಣ್ಣದು. ಮಳೆಯ ರಾತ್ರಿ, ತಂದೆಯೊಡನೆ ಜಗಳವಾಡಿ ಹೊರಟ ಮಾರೆಕ್‌ನ ಕಾರಿಗೆ ಅಡ್ಡ ನಿಲ್ಲುತ್ತಾರೆ, ಮುಂದಿನ ಸೇತುವೆ ಮುಚ್ಚಿದೆ ಎನ್ನುತ್ತಾರೆ. ಅವನು ಕಾರನ್ನು ತಿರುಗಿಸುತ್ತಾನೆ. ಬಾಂಬಿಲ್ಲ, ಯಂತ್ರವಿಲ್ಲ, ರಸ್ತೆಯಲ್ಲಿ ಒಂದು ಗಾಡಿಯನ್ನು ತಡೆದು ವಾಪಸು ಕಳಿಸಿದ್ದಷ್ಟೆ. ಗಾಡಿಗಳನ್ನು ತಡೆದು ವಾಪಸು ಕಳಿಸಿದ್ದಕ್ಕೆ ಮಂಗಳೂರಿನ ಆಸ್ಪತ್ರೆ ತಲುಪದೆ ಜನ ಸತ್ತದ್ದನ್ನು ಅದೇ ವರ್ಷದ ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಕಂಡಿದ್ದ ನಮಗೆ, ತಡೆಯುವುದರಿಂದ ಜೀವ ಉಳಿಯುವ ಆ ದೃಶ್ಯವನ್ನು ನೋಡುವಾಗ ಯಾರಿಗೂ ಮಾತು ಹೊರಡಲಿಲ್ಲ. ಆಮೇಲೆ ಇಬ್ಬರೂ ಬೆಳಕಿನ ಕಣಗಳಾಗಿ ಕರಗುತ್ತಾರೆ; ಅಲ್ಲಿ ತಮ್ಮ ಲೋಕದಲ್ಲಿ ಆಡಮನೂ ಏವಾಳೂ ಕರಗುತ್ತಾರೆ.

ಕೊನೆಯ ದೃಶ್ಯ ಒಂದು ಊಟದ ಮೇಜು. ಕಾಲಯಂತ್ರವೇ ಚಾಲೂ ಆಗದ ಮೂಲಲೋಕದ ವಿಂಡನ್ ಅದು. ಸುತ್ತ ಕುಳಿತವರು ಆರು ಮಂದಿ: ರೆಗಿನಾ, ಕಟರೀನಾ, ಹನ್ನಾ, ಗಂಟಿನ ಲೋಕದಲ್ಲಿ ಶಾರ್ಲೊಟ್ಟೆಯ ಗಂಡನಾಗಿದ್ದ ಪೀಟರ್, ಇಲ್ಲಿ ಅವನ ಸಂಗಾತಿಯಾದ ಬೆನ್ನಿ, ವೋಲ್ಲರ್. ಅಮ್ಮನ ಕಾಗದವನ್ನು ಪಕ್ಕದಲ್ಲಿಟ್ಟುಕೊಂಡು ನೋಡಿದರೆ ಈ ಪಟ್ಟಿಯಲ್ಲಿ ಒಂದು ತಪ್ಪೂ ಇಲ್ಲ. ಗಂಟಿನಿಂದ ಹುಟ್ಟಿದವರು ಒಬ್ಬರೂ ಅಲ್ಲಿಲ್ಲ: ಉಲ್ರಿಖ್ ಇಲ್ಲ, ಶಾರ್ಲೊಟ್ಟೆ ಇಲ್ಲ, ಅವರ ಮಕ್ಕಳೂ ಇಲ್ಲ. ರೆಗಿನಾಳ ತಂದೆ ಟ್ರೋಂಟೆ ಅಲ್ಲವೆಂಬ ಗುಟ್ಟು ಈ ಸೀಸನ್ನಿನಲ್ಲಿ ಹೊರಬರುವುದು ಇದೇ ಕಾರಣಕ್ಕೆ. ಆಗಿದ್ದರೆ ಅವಳೂ ಅಳಿಸಿಹೋಗಬೇಕಿತ್ತು, ಕ್ಲೌಡಿಯಾಳ ದುಡಿತವೆಲ್ಲ ವ್ಯರ್ಥವಾಗುತ್ತಿತ್ತು. ರಕ್ತದ ಲೆಕ್ಕದಲ್ಲಿ ಗಂಟಿಗೆ ಸೇರದಿದ್ದರೂ ಮೇಜಿನ ಬಳಿ ಸುಳಿಯದವನೆಂದರೆ ರೆಗಿನಾಳ ಮಗ ಬಾರ್ಟೋಷ್. ಅದಕ್ಕೂ ನನ್ನ ಬಳಿ ಉತ್ತರವಿದೆ. 1986ರಲ್ಲಿ ಉಲ್ರಿಖ್ ಮತ್ತು ಕಟರೀನಾ ಸೇರಿ ರೆಗಿನಾಳನ್ನು ಕಾಡಿನಲ್ಲಿ ಪೀಡಿಸುತ್ತಿದ್ದಾಗ ಬಿಡಿಸಿದವನು ಅಲೆಕ್ಸಾಂಡರ್, ಮುಂದೆ ಅವಳ ಗಂಡ. ಉಲ್ರಿಖ್ ಎಂಬವನೇ ಇಲ್ಲದ ಊರಿನಲ್ಲಿ ಆ ಪೀಡನೆ ನಡೆಯಲಿಲ್ಲ, ಬಿಡಿಸುವ ಸಂದರ್ಭ ಬರಲಿಲ್ಲ, ಮದುವೆಯೂ ಆಗಲಿಲ್ಲ.

ಮೇಜಿನ ಬಳಿ ಮಾತು ನಡೆಯುತ್ತಿರುವಾಗ ಗುಡುಗಿಗೆ ದೀಪ ಆರಿ ಮತ್ತೆ ಹೊತ್ತುತ್ತದೆ. ಬಸುರಿಯಾಗಿರುವ ಹನ್ನಾ ಅಲ್ಲಿ ತೂಗುಹಾಕಿದ ಹಳದಿ ಮಳೆಕೋಟನ್ನು ನೋಡುತ್ತಾ ಮೈಮರೆಯುತ್ತಾಳೆ. ಇದೇ ದೃಶ್ಯವನ್ನು ಹಿಂದಿನ ರಾತ್ರಿ ಕನಸಿನಲ್ಲಿ ಕಂಡಿದ್ದೆ, ಆಗ ಲೋಕ ಮುಗಿದುಹೋಗಿತ್ತು, ಅದರಲ್ಲೊಂದು ಬಿಡುಗಡೆಯಿತ್ತು ಎನ್ನುತ್ತಾಳೆ. ಮಗುವಿಗೆ ಯಾವ ಹೆಸರು ಎಂದು ಕೇಳಿದಾಗ, ಯೋನಾಸ್ ಎಂಬುದು ಚಂದದ ಹೆಸರು ಎಂದು ಹೇಳುತ್ತಾಳೆ. ಧಾರಾವಾಹಿ ಅಲ್ಲಿಗೆ ಮುಗಿಯುತ್ತದೆ.

ಈ ಮುಕ್ತಾಯವನ್ನು ಸಾಮಾನ್ಯವಾಗಿ ಅರ್ಥಮಾಡಿಕೊಳ್ಳುವ ಬಗೆ ಇಷ್ಟು: ಅಳಿಸಿಹೋದ ಎರಡು ಲೋಕಗಳ ನೆನಪಿನ ಚೂರೊಂದು ಮೂಲಲೋಕಕ್ಕೆ ಸೋರಿಬಂದಿದೆ, ಹಳದಿ ಕೋಟು ತೊಟ್ಟು ತಿರುಗುತ್ತಿದ್ದ, ಈಗ ಇಲ್ಲವಾದ ಮಗನ ಹೆಸರು ಹನ್ನಾಳ ಬಾಯಿಗೆ ಹೇಗೋ ಬಂದಿದೆ. ಮೊದಲ ಎರಡು ಬಾರಿ ನಾನೂ ಹಾಗೆಯೇ ತಿಳಿದು ಕಣ್ಣು ಒರೆಸಿಕೊಂಡಿದ್ದೆ. ಮೂರನೆಯ ಬಾರಿ ನೋಡುವಾಗ ನನ್ನ ಗಮನ ಹನ್ನಾಳಿಂದ ಸರಿದು, ಅದೇ ಮೇಜಿನ ಬಳಿ ಊಟ ಮಾಡುತ್ತಿದ್ದ ಕಟರೀನಾಳ ಮೇಲೆ ನಿಂತಿತು. ಇವಳಿಗೆ ಕಟರೀನಾ ಎಂಬ ಹೆಸರನ್ನು ಇಟ್ಟವರು ಯಾರು?

ಇದೇ ಸೀಸನ್ನಿನಲ್ಲಿ, 1954ರಲ್ಲಿ, ಎಗೋನ್‌ನ ಮಗುವನ್ನು ಹೊತ್ತ ಹನ್ನಾ ಗರ್ಭ ತೆಗೆಸುವ ಹೆಂಗಸೊಬ್ಬಳ ಮನೆಗೆ ಹೋಗಿ ಕಾಯುತ್ತಾ ಕುಳಿತಿರುತ್ತಾಳೆ. ಅಲ್ಲಿ ಅವಳ ಹಾಗೆಯೇ ಬಂದ ಒಬ್ಬಳು ಎಳೆಯ ಹುಡುಗಿಯಿದ್ದಾಳೆ. ಹೆಸರು ಕೇಳಿದಾಗ ಹನ್ನಾ ತನ್ನ ನಿಜವಾದ ಹೆಸರನ್ನು ಮರೆಸಿ, ಕಟರೀನಾ ಎನ್ನುತ್ತಾಳೆ. ಚಂದದ ಹೆಸರು ಎನ್ನುತ್ತಾಳೆ ಆ ಹುಡುಗಿ. ಅವಳೇ ಹೆಲೆನ್. ಮುಂದೆ ಅವಳಿಗೆ ಹುಟ್ಟುವ ಮಗಳು ಕಟರೀನಾ. ಗಂಟಿನೊಳಗೆ ನಿಂತು ನೋಡಿದರೆ ಇದೂ ಶಾರ್ಲೊಟ್ಟೆಯ ಬರಿಯಂತೆ ತಲೆಯಿಲ್ಲದ ಬಳೆ: ಹೆಲೆನ್ ಹೆಸರನ್ನು ಪಡೆದದ್ದು ಹನ್ನಾಳಿಂದ, ಹನ್ನಾ ಪಡೆದದ್ದು ಹೆಲೆನ್‌ಳ ಮಗಳಿಂದ.

ಆದರೆ ಮೂಲಲೋಕದಲ್ಲಿ ಹನ್ನಾ 1954ಕ್ಕೆ ಹೋಗಿಲ್ಲ, ಹೋಗಲು ದಾರಿಯೇ ಇಲ್ಲ. ಆದರೂ ಹೆಲೆನ್‌ಳ ಮಗಳು ಕಟರೀನಾಳೇ. 1986ರಲ್ಲಿ ಶಾಲೆಗೆ ಹೋಗುತ್ತಿದ್ದ ಪ್ರಾಯದವಳು ಅವಳು, ಎಂದರೆ ಯಂತ್ರ ಚಾಲೂ ಆಗುವುದಕ್ಕೆ ಎಷ್ಟೋ ವರ್ಷ ಮೊದಲು ಅವಳಿಗೆ ಆ ಹೆಸರನ್ನಿಟ್ಟಾಗಿದೆ. ಯಾವ ಕಾಲಯಾತ್ರಿಯೂ ಹೇಳಿಕೊಡದೆ, ಒಬ್ಬ ತಾಯಿ ತನ್ನ ಮಗಳಿಗೆ ತಾನಾಗಿ ಇಟ್ಟ ಹೆಸರು ಅದು. ಅಲ್ಲಿ ಅದಕ್ಕೆ ತಲೆಯಿದೆ. ಅದನ್ನು ಎರವಲು ಪಡೆದು, ತಲೆ ಕತ್ತರಿಸಿ, ಬಾಲವನ್ನು ಬಾಯಿಗೆ ಕೊಟ್ಟು ಬಳೆ ಮಾಡಿದ್ದು ಗಂಟು.

ಶಾರ್ಲೊಟ್ಟೆಯ ಹೆಸರಿಗೂ ಇದೇ ಪರೀಕ್ಷೆಯನ್ನು ಮಾಡಿ ನೋಡಬಹುದು. ಗಂಟಿನ ಒಳಗೆ ಎಲಿಜಬೆತ್ ಮಗಳಿಗೆ ಆ ಹೆಸರಿಟ್ಟದ್ದು ತನ್ನ ತಾಯಿಯ ನೆನಪಿಗೆ ಎಂದು ಊಹಿಸಿದರೆ, ತಾಯಿಯೇ ಮಗಳಾಗಿರುವುದರಿಂದ ಹೆಸರು ಎಲ್ಲಿಂದಲೂ ಬಂದಿಲ್ಲ. ಮೂಲಲೋಕದಲ್ಲಿ ಆ ಹೆಸರು ಯಾರದು? ಸೇತುವೆಯಿಂದ ಬಿದ್ದ ಕಾರಿನಲ್ಲಿದ್ದ, ಟಾನ್‌ಹೌಸ್‌ನ ಮೊಮ್ಮಗಳದು. ಆ ಹಸುಗೂಸಿನ ಹೆಸರು ಶಾರ್ಲೊಟ್ಟೆ. ಯಾವ ಮಗುವನ್ನು ಮರಳಿ ಪಡೆಯಲು ಯಂತ್ರ ಹುಟ್ಟಿತೋ ಆ ಮಗುವಿನ ಹೆಸರೇ ಗಂಟಿನ ಅತಿ ಬಿಗಿಯಾದ ಸುತ್ತಿಗೆ ಅಂಟಿಕೊಂಡಿದೆ, ಮತ್ತು ಆ ಸುತ್ತಿನ ಶಾರ್ಲೊಟ್ಟೆ ಸಾಕಲ್ಪಟ್ಟದ್ದೂ ಟಾನ್‌ಹೌಸ್‌ನ ಮನೆಯಲ್ಲೇ. ದಿನಾಂಕವನ್ನೂ ಕೈತಪ್ಪಿ ಬರೆಯದವರು ಇದನ್ನು ಕೈತಪ್ಪಿ ಬರೆದಿರಲಾರರು.

ಹೀಗೆ ಎರಡು ಹೆಸರುಗಳೂ ಮೂಲಲೋಕದಿಂದ ಗಂಟಿಗೆ ಹೋದವೆಂದಾದ ಮೇಲೆ ಮೂರನೆಯದು ಮಾತ್ರ ಯಾಕೆ ಹಿಮ್ಮುಖವಾಗಿ ಹರಿಯಬೇಕು? ನನ್ನ ವಾದ ಇಷ್ಟೇ: ಹನ್ನಾ ಯೋನಾಸ್ ಎಂದದ್ದು ಕಳೆದುಹೋದ ಮಗನ ನೆನಪಿನಿಂದಲ್ಲ. ಮೂಲದಲ್ಲಿ ಅವಳು ತನ್ನ ಮಗನಿಗೆ ಯೋನಾಸ್ ಎಂದು ಹೆಸರಿಡುವವಳೇ ಆಗಿದ್ದಳು; ಅದರ ನೆರಳಾಗಿ ಗಂಟಿನೊಳಗೆ ಒಬ್ಬ ಯೋನಾಸ್ ಹುಟ್ಟಿದ. ಆ ಮೇಜಿನ ಸುತ್ತ ನಾವು ನೋಡುತ್ತಿರುವುದು ಎರಡು ಲೋಕಗಳು ಸುಟ್ಟ ಮೇಲೆ ಉಳಿದ ಬೂದಿಯಲ್ಲ, ಅವೆರಡನ್ನೂ ನೇಯಲು ನೂಲು ಕೊಟ್ಟ ರಾಟೆ.

ಅಳಿಯನಿಗೆ ಫೋನಿನಲ್ಲಿ ಇದನ್ನು ಹೇಳಿದಾಗ ಅವನು ಒಂದು ಗಂಟೆ ವಾದ ಮಾಡಿದ. “ಮಾವ, ಲೋಕ ಸೀಳಿದ್ದು 1986ರಲ್ಲಿ. ಆ ಮೂರನೇ ಲೋಕದ ಮಗು ಇನ್ನೂ ಹುಟ್ಟಿಯೇ ಇಲ್ಲ. ಮುಂದೆ ಇಡುವ ಹೆಸರು ಹಿಂದೆ ಹೋಗಿ ಹೇಗೆ ಸೇರುತ್ತದೆ?” ಎಂಬುದು ಅವನ ಮೊದಲ ಆಕ್ಷೇಪ. ಇದಕ್ಕೆ ನನ್ನ ಉತ್ತರ, ಸೀಳು 1986ರಿಂದ ಮುಂದಕ್ಕೆ ಮಾತ್ರ ಹೋಗಿಲ್ಲ ಎಂಬುದು. ಗಂಟಿನ ಲೋಕಗಳಲ್ಲಿ 1921 ಇದೆ, 1888 ಇದೆ, 2053ರವರೆಗೂ ಕಥೆ ಇದೆ, ಮತ್ತು ಅವೆಲ್ಲವೂ ಗಂಟಿಗೆ ಸೇರಿದವುಗಳೇ. ಬೈರಾಸನ್ನು ನಡುವಿನಲ್ಲಿ ಹಿಡಿದು ಹರಿದರೆ ಹರಕು ಎರಡು ಅಂಚುಗಳ ಕಡೆಗೂ ಓಡುತ್ತದಲ್ಲ, ಹಾಗೆ ಟಾನ್‌ಹೌಸ್ ಹರಿದದ್ದು ಇಡೀ ಬಟ್ಟೆಯನ್ನು. ಬಟ್ಟೆಯ ಮುಂದಿನ ಅಂಚಿನಲ್ಲಿ ಮೂಲದಲ್ಲೇ ಇದ್ದ ಬಣ್ಣವೂ ಎರಡೂ ತುಂಡುಗಳಿಗೆ ಬಂದಿದೆ.

ಎರಡನೆಯ ಆಕ್ಷೇಪಕ್ಕೆ ನನ್ನ ಬಳಿ ಇಷ್ಟು ಗಟ್ಟಿಯಾದ ಉತ್ತರವಿಲ್ಲ. ಹನ್ನಾಳ ಕನಸು ಏನಾಯಿತು ಎಂದು ಅವನು ಕೇಳಿದ. ಲೋಕ ಮುಗಿದದ್ದನ್ನೂ ಆಗ ಹಗುರಾದದ್ದನ್ನೂ ಅವಳು ಕಂಡಿದ್ದಾಳೆ, ಅದು ಗಂಟಿನ ಕೊನೆಯ ಗಳಿಗೆಯೇ ಹೊರತು ಮೂಲಲೋಕದ್ದಲ್ಲ. ಇಲ್ಲಿ ಸೋರಿಕೆ ಆಗಿದೆ ಎಂದು ನಾನು ಒಪ್ಪಲೇಬೇಕು. ಕನಸು ಸೋರಿಬಂದದ್ದು, ಹೆಸರು ಅವಳದೇ ಎಂದು ನಾನು ಅರ್ಧಕ್ಕೆ ರಾಜಿಯಾದೆ, ಅವನು ರಾಜಿಯಾಗಲಿಲ್ಲ.

ಅವನದೇ ಆದ ಸಿದ್ಧಾಂತವೊಂದಿದೆ, ಅದನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾಗುತ್ತದೆ. ಯೋನಾಸ್ ಮತ್ತು ಮಾರ್ಥಾ ಅಪಘಾತವನ್ನು ತಪ್ಪಿಸಿದರೆ ಯಂತ್ರ ಹುಟ್ಟುವುದಿಲ್ಲ, ಯಂತ್ರವಿಲ್ಲದಿದ್ದರೆ ಅವರಿಬ್ಬರೂ ಹುಟ್ಟುವುದಿಲ್ಲ, ಹಾಗಾದರೆ ಕಾರನ್ನು ತಡೆದವರು ಯಾರು? ಇದಕ್ಕೆ ಸೀಸನ್ ತಾನೇ ಒಂದು ನಿಯಮವನ್ನು ಕೊಟ್ಟಿದೆ ಎಂದು ಅವನು ನೆನಪಿಸಿದ. ಪ್ರಳಯದ ಕ್ಷಣದಲ್ಲಿ ಕಾಲ ಒಂದು ಚೂರು ಹೊತ್ತು ನಿಲ್ಲುತ್ತದೆ, ಆಗ ಕಾರ್ಯಕಾರಣದ ಸಂಕೋಲೆ ಕಳಚುತ್ತದೆ, ಆ ಸಂದಿಯಲ್ಲಿ ಒಂದೇ ಘಟನೆ ಎರಡು ಬಗೆಯಾಗಿ ನಡೆಯಬಹುದು. ಒಂದು ಕವಲಿನಲ್ಲಿ ಆ ಮಾರ್ಥಾ ಬಂದು ಯೋನಾಸನನ್ನು ಕರೆದೊಯ್ಯುತ್ತಾಳೆ, ಅವನು ಏವಾಳ ಲೋಕದಲ್ಲಿ ಗುಂಡೇಟಿಗೆ ಸಾಯುತ್ತಾನೆ. ಇನ್ನೊಂದು ಕವಲಿನಲ್ಲಿ ಬಾರ್ಟೋಷ್ ಅವಳನ್ನು ತಡೆಯುತ್ತಾನೆ, ಯೋನಾಸ್ ನೆಲಮಾಳಿಗೆಯಲ್ಲಿ ಅಡಗಿ ಬದುಕಿ ಆಡಮನಾಗುತ್ತಾನೆ. ಎರಡೂ ನಿಜ. ಇದೇ ನಿಯಮವನ್ನು ಸೇತುವೆಗೂ ಅನ್ವಯಿಸಿದರೆ ಒಂದು ಕವಲಿನಲ್ಲಿ ಕಾರು ಮನೆಗೆ ಮರಳಿದೆ, ಇನ್ನೊಂದರಲ್ಲಿ ಬಿದ್ದಿದೆ, ಅಲ್ಲಿ ಟಾನ್‌ಹೌಸ್ ಈಗಲೂ ಯಂತ್ರ ಕಟ್ಟುತ್ತಿದ್ದಾನೆ. ನಮಗೆ ತೋರಿಸಿದ ಮೇಜು ಸಂತೋಷದ ಕವಲು ಮಾತ್ರ.

ತರ್ಕದಲ್ಲಿ ಇದು ನನ್ನದಕ್ಕಿಂತ ಗಟ್ಟಿ ಎಂದು ಒಪ್ಪುತ್ತೇನೆ. ಆದರೆ ಬಿದ್ದ ಕಾರಿನ ಕವಲು ಇನ್ನೂ ಇದೆಯೆಂದಾದರೆ ಆಡಮನೂ ಏವಾಳೂ ಕರಗುವ ಅಗತ್ಯವೇ ಇರಲಿಲ್ಲ. ಅವರು ಕರಗುವುದನ್ನು ಅಷ್ಟು ನಿಧಾನವಾಗಿ, ಸಂಗೀತದೊಂದಿಗೆ, ಒಬ್ಬೊಬ್ಬರನ್ನಾಗಿ ತೋರಿಸಿದ್ದನ್ನು ಸುಳ್ಳೆಂದು ನಾನು ತಳ್ಳಿಹಾಕಲಾರೆ. “ಮಾವ, ನಿಮಗೆ ಅವರು ಸತ್ತದ್ದು ಇಷ್ಟವಾಗಿದೆ, ಅಷ್ಟೇ” ಎಂದ ಅಳಿಯ. ಇರಬಹುದು.

ಫೋನು ಸ್ಪೀಕರಿನಲ್ಲಿತ್ತು. ಅಷ್ಟೂ ಹೊತ್ತು ಅಡಕೆ ಸುಲಿಯುತ್ತಾ ಕೇಳುತ್ತಿದ್ದ ಅಮ್ಮ, ಆ ಹೊಟ್ಟೆಯಲ್ಲಿರುವ ಮಗುವಿನ ತಂದೆ ಯಾರು ಎಂದು ಕೇಳಿದರು. ಅಲ್ಲಿ ಹನ್ನಾಳ ಜೊತೆಗಿರುವವನು ವೋಲ್ಲರ್ ಎಂದೆ. ಮೊದಲಿನ ಯೋನಾಸನ ತಂದೆ ಬೇರೆ, ಇವನ ತಂದೆ ಬೇರೆ, ಆದ್ದರಿಂದ ಹೆಸರು ಒಂದೇ ಆದರೂ ಇದು ಬೇರೆಯದೇ ಮಗು, ಮಾವನ ವಾದ ಅಲ್ಲಿಗೇ ಬಿತ್ತು ಎಂದು ಅತ್ತ ಕಡೆಯಿಂದ ಅಳಿಯ ಕೂಗಿದ.

“ತಾಯಿ ಹನ್ನಾಳೇ ಅಲ್ಲವಾ?” ಎಂದರು ಅಮ್ಮ.

ಹೌದು ಎಂದೆ.

“ಮತ್ತೆಂತ? ಬರಿ ಅದೇ, ಮನೆ ಅದೇ. ತಂದೆಯ ಲೆಕ್ಕ ನಮ್ಮಲ್ಲಿ ಯಾರು ಇಟ್ಟಿದ್ದಾರೆ? ಅದೇ ಮಗು.”